ಆಪ್ತಸಲಹೆ ಪ್ರಕರಣ: ಒಂದು ಮಾತ್ರೆಯನ್ನೂ ಬಿಡದೆ ಗರ್ಭ ನಿಂತಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಇಬ್ಬರೂ ಮೂವತ್ತರ ಆಸುಪಾಸಿನವರು. ದೊಡ್ಡ ಮಗುವಿಗೆ ಮೂರು ವರ್ಷ, ಚಿಕ್ಕದಕ್ಕೆ ಐದು ತಿಂಗಳು. ಎರಡನೆಯ ಬಾರಿ ಗರ್ಭ ನಿಂತದ್ದು ಪತ್ನಿ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದಾಗಲೇ. ಮಗುವಿನ ಮೇಲೆ ಇಬ್ಬರಿಗೂ ಅಕ್ಕರೆಯಿತ್ತು. ಆದರೆ ತಪ್ಪು ಯಾರದು ಎಂಬ ಜಗಳ ಮಾತ್ರ ಬಗೆಹರಿದಿರಲಿಲ್ಲ.

"ಮಾತ್ರೆ ನೂರಕ್ಕೆ ತೊಂಬತ್ತೊಂಬತ್ತು ಪಾಲು ಕೆಲಸ ಮಾಡುತ್ತದಂತೆ. ಹಾಗಿದ್ದರೆ ಇವಳು ಮರೆತಿರಲೇಬೇಕಲ್ಲವೇ ಮೇಡಂ?" ಎಂದರು ಪತಿ. ಪತ್ನಿಯ ಉತ್ತರವೂ ಸಿದ್ಧವಿತ್ತು: "ಒಂದು ಮಾತ್ರೆಯನ್ನೂ ಬಿಟ್ಟಿಲ್ಲ. ಪ್ರತಿ ಪ್ಯಾಕನ್ನೂ ಪೂರ್ತಿ ಮುಗಿಸಿದ್ದೇನೆ."

ತೊಂಬತ್ತೊಂಬತ್ತು ಎಂಬ ಸಂಖ್ಯೆ ಸುಳ್ಳಲ್ಲ, ಆದರೆ ಅರ್ಧ ಸತ್ಯ. ಚಾಚೂ ತಪ್ಪದೆ ಮಾತ್ರೆ ತೆಗೆದುಕೊಳ್ಳುವ ನೂರು ಮಹಿಳೆಯರಲ್ಲಿ ಮೊದಲ ವರ್ಷದಲ್ಲಿ ಒಬ್ಬರಿಗೂ ಗರ್ಭ ನಿಲ್ಲದೆ ಇರಬಹುದು. ಲೆಕ್ಕದಲ್ಲಿ ಅದು ಸುಮಾರು 0.3. ನಿಜ ಜೀವನದಲ್ಲಿ, ಅಂದರೆ ಮರೆವು, ವಾಂತಿ, ಪ್ರಯಾಣ, ಮುಗಿದುಹೋದ ಪ್ಯಾಕ್ ಎಲ್ಲವೂ ಸೇರಿದಾಗ, ಅದೇ ನೂರರಲ್ಲಿ ಸುಮಾರು ಏಳು ಮಂದಿ ಗರ್ಭಿಣಿಯರಾಗುತ್ತಾರೆ. ಸಲಹಾ ಕೊಠಡಿಗಳಲ್ಲಿ ಬಳಸುವ ಈ ಅಂಕಿಗಳು ಹೆಚ್ಚಾಗಿ ಅಮೆರಿಕದ ಸಮೀಕ್ಷೆಗಳಿಂದ ಬಂದವು. ಊರು ಬದಲಾದರೆ ಸಂಖ್ಯೆ ಒಂದಿಷ್ಟು ಹೆಚ್ಚುಕಡಿಮೆಯಾದೀತು. ಪಾಲಿಸಬೇಕಾದಂತೆ ಪಾಲಿಸಿದರೆ ಎಷ್ಟು, ಜನ ನಿಜವಾಗಿ ಬಳಸುವ ರೀತಿಗೆ ಎಷ್ಟು ಎಂಬ ಎರಡು ಲೆಕ್ಕಗಳ ನಡುವಿನ ಅಂತರ ಮಾತ್ರ ಎಲ್ಲೆಡೆಯೂ ಇರುತ್ತದೆ.

ಆಕೆ ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಅನ್ನಿಸಿತು. ಹಾಗಾಗಿ ಮರೆತದ್ದರ ಬಗ್ಗೆ ಕೇಳದೆ, ಒಂದು ಪ್ಯಾಕ್ ಮುಗಿದ ಮೇಲೆ ಮುಂದಿನದನ್ನು ಯಾವಾಗ ಆರಂಭಿಸುತ್ತಿದ್ದಿರಿ ಎಂದು ಕೇಳಿದೆ. "ಮುಟ್ಟು ಪೂರ್ತಿ ನಿಂತ ಮೇಲೆ. ರಾತ್ರಿ ಪಾಳಿಯ ವಾರವಾದರೆ ಇನ್ನೂ ಎರಡು ದಿನ ತಡವಾಗುತ್ತಿತ್ತು."

ಗುಟ್ಟು ಅಲ್ಲಿತ್ತು. ಆಕೆ ಬಳಸುತ್ತಿದ್ದದ್ದು ಇಪ್ಪತ್ತೊಂದು ಮಾತ್ರೆಗಳ ಪ್ಯಾಕ್. ಅದು ಮುಗಿದ ಮೇಲೆ ಏಳು ದಿನ ಬಿಡುವು, ಎಂಟನೆಯ ದಿನ ಹೊಸ ಪ್ಯಾಕ್, ರಕ್ತಸ್ರಾವ ನಿಂತಿರಲಿ ಬಿಡಲಿ. ಬಿಡುವಿನ ಕೊನೆಯ ಹೊತ್ತಿಗೆ ಅಂಡಾಶಯ ಮತ್ತೆ ಚುರುಕಾಗತೊಡಗಿರುತ್ತದೆ. ಬಿಡುವು ಒಂಬತ್ತು, ಹತ್ತು ದಿನಕ್ಕೆ ಹಿಗ್ಗಿದರೆ ಅಂಡ ಬಿಡುಗಡೆಯಾಗಿಬಿಡಬಹುದು. ಪ್ಯಾಕಿನ ನಡುವೆ ಒಂದು ಮಾತ್ರೆ ತಪ್ಪಿದ್ದರೆ ನೆನಪಾದ ಕೂಡಲೇ ನುಂಗಿ ಮುಂದುವರಿದರೆ ಸಾಕಿತ್ತು. ಎರಡು ಅಥವಾ ಹೆಚ್ಚು ತಪ್ಪಿದರೆ ಮುಂದಿನ ಏಳು ದಿನ ಕಾಂಡೋಮ್ ಕೂಡ ಬೇಕು. ಎಲ್ಲಕ್ಕಿಂತ ಅಪಾಯ ಇರುವುದು ಹೊಸ ಪ್ಯಾಕಿನ ಆರಂಭ ತಡವಾಗುವುದರಲ್ಲಿ, ಮತ್ತು ಅದನ್ನು ಯಾರೂ ಮರೆವೆಂದು ಎಣಿಸುವುದಿಲ್ಲ.

"ಇದನ್ನು ನನಗೆ ಯಾರೂ ಹೇಳಲಿಲ್ಲ" ಎಂದರು ಆಕೆ. ಹೊಸ ಪ್ಯಾಕ್ ಯಾವ ದಿನ ಶುರುವಾಗಬೇಕು ಎಂದು ನಿಮಗೆ ಗೊತ್ತಿತ್ತೇ ಎಂದು ಪತಿಯನ್ನು ಕೇಳಿದೆ. ಗೊತ್ತಿರಲಿಲ್ಲ. ಅಲ್ಲಿಗೆ ಆ ಜಗಳದ ಕಾವು ಇಳಿಯಿತು.

ಸದ್ಯಕ್ಕೆ ಏನು ಬಳಸುತ್ತಿದ್ದೀರಿ ಎಂದಾಗ ಇಬ್ಬರೂ ಮುಖ ಮುಖ ನೋಡಿಕೊಂಡರು. ಹಾಲೂಡಿಸುವಾಗ ಗರ್ಭ ನಿಲ್ಲುವುದಿಲ್ಲ ಎಂಬ ನಂಬಿಕೆ ಪತ್ನಿಯದು. ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯುತ್ತೇನೆ ಎಂಬ ಧೈರ್ಯ ಪತಿಯದು. ಹಾಲೂಡಿಸುವಿಕೆ ನಿಜಕ್ಕೂ ರಕ್ಷಣೆ ಕೊಡುತ್ತದೆ, ನೂರರಲ್ಲಿ ತೊಂಬತ್ತೆಂಟರಷ್ಟು. ಆದರೆ ಮೂರು ಷರತ್ತುಗಳು ಒಟ್ಟಿಗೆ ಕೂಡಿಬರಬೇಕು: ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಮರಳಿರಬಾರದು, ಮಗು ಹಗಲೂ ರಾತ್ರಿಯೂ ಬಹುತೇಕ ಎದೆಹಾಲನ್ನೇ ಕುಡಿಯುತ್ತಿರಬೇಕು. ಆಕೆ ಕೆಲಸಕ್ಕೆ ಮರಳಿ ವಾರಗಳಾಗಿದ್ದವು. ಪಾಳಿಯ ಹೊತ್ತಿನಲ್ಲಿ ಮಗುವಿಗೆ ಬಾಟಲಿ ಹಾಲು. ಮೂರನೆಯ ಷರತ್ತು ಮುರಿದುಬಿದ್ದಿತ್ತು. ಹೆರಿಗೆಯ ನಂತರ ಮೊದಲ ಮುಟ್ಟಿಗಿಂತ ಮುಂಚೆಯೇ ಅಂಡ ಬಿಡುಗಡೆಯಾಗಬಹುದಾದ್ದರಿಂದ, ಒಮ್ಮೆಯೂ ಮುಟ್ಟಾಗದೆ ಮತ್ತೆ ಗರ್ಭಿಣಿಯಾಗುವ ಸಾಧ್ಯತೆ ಇದ್ದೇ ಇದೆ. ಹಿಂದೆ ಸರಿಯುವ ವಿಧಾನವನ್ನೇ ನೆಚ್ಚಿದರೆ ವರ್ಷಕ್ಕೆ ನೂರು ದಂಪತಿಗಳಲ್ಲಿ ಇಪ್ಪತ್ತರಷ್ಟು ಮಂದಿಗೆ ಗರ್ಭ ನಿಲ್ಲುತ್ತದೆ. ಮೊದಲು ಗರ್ಭಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಮತ್ತು ಮುಂದಿನದು ನಿರ್ಧಾರವಾಗುವವರೆಗೆ ಕಾಂಡೋಮ್ ಬಳಸಿ ಎಂದೆ. ಪರೀಕ್ಷೆ ನೆಗೆಟಿವ್ ಬಂತು. ಕೆಲವು ದಿನ ಬಿಟ್ಟು ಮಾಡಿಸಿದ ಎರಡನೆಯದೂ ಹಾಗೆಯೇ.

ಮುಂದಿನ ಭೇಟಿಯಲ್ಲಿ ಪತಿ ಕೇಳಿದ್ದು ಒಳ್ಳೆಯ ಪ್ರಶ್ನೆ: "ಎಲ್ಲಕ್ಕಿಂತ ಗಟ್ಟಿ ಯಾವುದು, ಅದನ್ನೇ ಹೇಳಿಬಿಡಿ." ನನ್ನ ಅನುಭವದಲ್ಲಿ ವಿಧಾನಗಳನ್ನು ಬೇರ್ಪಡಿಸುವ ಗೆರೆ ಒಂದೇ: ದಿನನಿತ್ಯ ಅಥವಾ ಪ್ರತಿ ಸಲ ನೀವೇನಾದರೂ ಮಾಡಬೇಕೋ, ಬೇಡವೋ. ಗರ್ಭಕೋಶದೊಳಗೆ ಇಡುವ ತಾಮ್ರದ ವಂಕಿಯಲ್ಲಿ, ಅಂದರೆ ಕಾಪರ್ ಟಿಯಲ್ಲಿ, ವರ್ಷಕ್ಕೆ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿಗೆ ಗರ್ಭ ನಿಲ್ಲುತ್ತದೆ; ಹಾರ್ಮೋನ್ ಇರುವ ವಂಕಿಯಲ್ಲೂ ತೋಳಿನ ಚರ್ಮದಡಿ ಇಡುವ ಇಂಪ್ಲಾಂಟ್‌ನಲ್ಲೂ ಅದಕ್ಕಿಂತ ಕಡಿಮೆ. ಇವುಗಳಲ್ಲಿ ಎರಡು ಲೆಕ್ಕಗಳ ಅಂತರ ಇಲ್ಲವೆನ್ನುವಷ್ಟು ಅಲ್ಪ, ಏಕೆಂದರೆ ಮರೆಯಲು ಏನೂ ಇಲ್ಲ. ಮೂರು ತಿಂಗಳಿಗೊಮ್ಮೆಯ ಚುಚ್ಚುಮದ್ದಿನಲ್ಲಿ ಆ ಸಂಖ್ಯೆ ನಾಲ್ಕು, ಮುಂದಿನ ಡೋಸ್ ತಡವಾಗುವುದರಿಂದ. ಕಾಂಡೋಮ್‌ನಲ್ಲಿ ಹದಿಮೂರು, ತಪ್ಪದೆ ಸರಿಯಾಗಿ ಬಳಸಿದರೆ ಎರಡು. ಹಾಗೆಂದು ಕಾಂಡೋಮನ್ನು ಹೀಗಳೆಯಬೇಡಿ; ಲೈಂಗಿಕ ಸೋಂಕುಗಳನ್ನು ತಡೆಯುವುದು ಇವುಗಳಲ್ಲಿ ಅದೊಂದೇ.

ಹಳೆಯ ಮಾತ್ರೆಗೇ ಮರಳಬಹುದೇ ಎಂದು ಪತ್ನಿ ಕೇಳಿದರು. ಆಕೆಯ ಹಳೆಯ ಮಾತ್ರೆಯಂಥ ಎರಡು ಹಾರ್ಮೋನ್‌ಗಳ ಮಾತ್ರೆಯನ್ನು ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಒಂದೇ ಹಾರ್ಮೋನಿನ ಮಾತ್ರೆ ಕೊಡಬಹುದು, ಆದರೆ ಅದರ ಹಳೆಯ ಬಗೆಗಳನ್ನು ದಿನವೂ ಹೆಚ್ಚುಕಡಿಮೆ ಅದೇ ಗಂಟೆಗೆ ನುಂಗಬೇಕು. ಮೂರು ಗಂಟೆ ತಡವಾದರೂ ರಕ್ಷಣೆ ಸಡಿಲವಾಗುತ್ತದೆ. ಪಾಳಿ ಬದಲಾಗುವ ಕೆಲಸದವರಿಗೆ ಅದನ್ನು ಸೂಚಿಸಲು ನನಗೆ ಮನಸ್ಸಾಗಲಿಲ್ಲ.

ಪತ್ನಿಗೆ ಶಸ್ತ್ರಚಿಕಿತ್ಸೆ ಮಾಡಿಸಿಬಿಡೋಣ ಎಂಬ ಮಾತು ಪತಿಯಿಂದ ಬಂತು. ಇನ್ನೊಂದು ಮಗು ಬೇಡವೆಂಬುದು ಖಚಿತವೇ ಎಂದರೆ ಇಬ್ಬರಿಂದಲೂ ಅರೆಮನಸ್ಸಿನ ಉತ್ತರ. ಅರೆಮನಸ್ಸಿನಲ್ಲಿ ಮಾಡಿಸುವ ಚಿಕಿತ್ಸೆ ಅದಲ್ಲ, ಶಾಶ್ವತವೆಂದೇ ತಿಳಿದು ಹೆಜ್ಜೆ ಇಡಬೇಕು ಎಂದೆ. ಜೊತೆಗೆ, ಹೊಟ್ಟೆ ತೆರೆಯದೆ ಮುಗಿಯುವ ಪುರುಷರ ಚಿಕಿತ್ಸೆ ಹೆಚ್ಚು ಸರಳ, ವಿಫಲವಾಗುವುದೂ ತುಸು ಕಡಿಮೆ ಎಂದೂ ಸೇರಿಸಿದೆ. (ಈ ಮಾತಿಗೆ ಗಂಡಸರು ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂರುವುದು ವಾಡಿಕೆ. ಇವರೂ ಸರಿದರು, ಆದರೆ ಪ್ರಶ್ನೆಗಳನ್ನು ಕೇಳಿದರು.)

ಉಳಿದದ್ದು ವಂಕಿ ಮತ್ತು ಇಂಪ್ಲಾಂಟ್. ಆಕೆಗೆ ಮೊದಲಿನಿಂದಲೂ ಮುಟ್ಟಿನ ಸ್ರಾವ ಹೆಚ್ಚು, ರಕ್ತಹೀನತೆಗೆ ಕಬ್ಬಿಣದ ಮಾತ್ರೆಯೂ ನಡೆದಿತ್ತು. ತಾಮ್ರದ ವಂಕಿ ಸ್ರಾವವನ್ನೂ ನೋವನ್ನೂ ಹೆಚ್ಚಿಸಬಹುದು. ಹಾರ್ಮೋನ್ ವಂಕಿ ಸ್ರಾವವನ್ನು ಕಡಿಮೆ ಮಾಡುತ್ತದೆ. ವೈದ್ಯರ ತಪಾಸಣೆಯ ನಂತರ ಆಕೆ ಎರಡನೆಯದನ್ನು ಆರಿಸಿಕೊಂಡರು. ಮೊದಲ ಕೆಲವು ತಿಂಗಳು ಅನಿಯಮಿತವಾಗಿ ರಕ್ತದ ಕಲೆ ಕಾಣಿಸಬಹುದು, ಅಪರೂಪಕ್ಕೆ ವಂಕಿ ತಾನಾಗಿ ಜಾರಿ ಹೊರಬರಬಹುದು, ಹಾಗಾಗಿ ಮರುತಪಾಸಣೆ ತಪ್ಪಿಸಬಾರದು ಎಂದು ಬರೆದುಕೊಟ್ಟೆ. ಮಗು ಬೇಕೆನಿಸಿದಾಗ ತೆಗೆಸಿದರೆ ಆಯಿತು, ಫಲವತ್ತತೆ ಬೇಗನೆ ಮರಳುತ್ತದೆ.

ತಪಾಸಣೆಗೆ ಬಂದಾಗ ಕಲೆಯ ಕಿರಿಕಿರಿ ಇತ್ತು, ವಂಕಿ ಸ್ಥಾನದಲ್ಲಿತ್ತು. ಪತಿ ಈ ಬಾರಿ ತಮ್ಮ ಚಿಕಿತ್ಸೆಯ ಬಗ್ಗೆ ತಾವಾಗಿಯೇ ವಿಚಾರಿಸಿದರು. ಎರಡು ವರ್ಷ ಕಳೆಯಲಿ, ಆಗಲೂ ಇದೇ ಮನಸ್ಸಿದ್ದರೆ ಬನ್ನಿ ಎಂದೆ. ಮಾಡಿಸಿದ ದಿನದಿಂದಲೇ ರಕ್ಷಣೆ ಸಿಗುವುದಿಲ್ಲ, ಸುಮಾರು ಮೂರು ತಿಂಗಳ ನಂತರ ವೀರ್ಯಪರೀಕ್ಷೆಯಲ್ಲಿ ವೀರ್ಯಾಣುಗಳಿಲ್ಲವೆಂದು ಖಚಿತವಾಗುವವರೆಗೆ ಆಕೆಯ ವಂಕಿಯನ್ನು ತೆಗೆಸಬಾರದು ಎಂಬುದನ್ನು ಆಗಲೇ ತಿಳಿಸಿದೆ.