ಬಾಯ್ಲರ್ ಆಫ್ ಮಾಡಿ ಊರಿಗೆ ಹೋಗಬಹುದಾ?

ಪ್ರಶ್ನೆ: ನಮ್ಮದು ನ್ಯೂಜೆರ್ಸಿಯಲ್ಲಿ 1920ರ ದಶಕದ ಮನೆ. ಮನೆ ಬೆಚ್ಚಗಿಡಲು ಸ್ಟೀಮ್ ಬಾಯ್ಲರ್, ಕೋಣೆಗಳಲ್ಲಿ ಒಂದೇ ಪೈಪಿನ ರೇಡಿಯೇಟರ್‌ಗಳು (ಆವಿ ಬರುವುದೂ ನೀರು ಇಳಿಯುವುದೂ ಅದೇ ಪೈಪಿನಲ್ಲಿ). ಡಿಸೆಂಬರ್ ಮಧ್ಯದಿಂದ ಆರು ವಾರ ಮೈಸೂರಿಗೆ ಹೊರಟಿದ್ದೇವೆ. ಬಾಯ್ಲರ್ ಆಫ್ ಮಾಡಿ, ಒಳಗೆ ಆಂಟಿಫ್ರೀಜ್ (ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ) ಸುರಿದರೆ ಸಾಕು ಅಂತ ಗೆಳೆಯರು ಹೇಳುತ್ತಾರೆ. ಸರಿಯಾ ಸರ್?

ಉತ್ತರ: ಸರಿಯಲ್ಲ. ಈ ಗೆಳೆಯರು ಪ್ರತಿ ನವೆಂಬರ್‌ನಲ್ಲಿ ಎಲ್ಲಿಂದ ಹುಟ್ಟುತ್ತಾರೋ ಗೊತ್ತಿಲ್ಲ. ಆಂಟಿಫ್ರೀಜ್ ಹಾಕುವುದು ಬಿಸಿನೀರು ಸುತ್ತುವ ಹೀಟಿಂಗ್‌ಗೆ. ನಿಮ್ಮದರಲ್ಲಿ ನೀರು ಕುದಿದು ಆವಿಯಾಗಬೇಕು. ಅದಕ್ಕೆ ಆಂಟಿಫ್ರೀಜ್‌ನಲ್ಲಿರುವ ಗ್ಲೈಕಾಲ್ ಬೆರೆಸಿದರೆ ನೊರೆ ಎದ್ದು ಆವಿಯ ಜೊತೆ ನೀರೂ ಪೈಪಿಗೆ ನುಗ್ಗುತ್ತದೆ. ಒಬ್ಬ ಕಂಟ್ರಾಕ್ಟರ್ ಹೀಗೆ ಸುರಿದು ಹೋಗಿದ್ದ ಮನೆಗೆ ನಾನು ಹೋಗಿದ್ದೆ. ಬಾಯ್ಲರ್‌ನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ, ಅಂದರೆ ಗೇಜ್ ಗ್ಲಾಸ್‌ನಲ್ಲಿ ನೀರಿನ ಗೆರೆಯೇ ಇಲ್ಲ, ಹಾಲು ಉಕ್ಕಿದ ಹಾಗೆ ಬರೀ ನೊರೆ. ತೊಳೆಯುವುದಕ್ಕೇ ಎರಡು ದಿನ ಹಿಡಿಯಿತು.

ಅಷ್ಟಕ್ಕೂ ಇಳಿಜಾರು ಸರಿ ಇದ್ದರೆ ನಿಮ್ಮ ರೇಡಿಯೇಟರ್‌ಗಳಲ್ಲಿ ನೀರು ನಿಲ್ಲುವುದೇ ಇಲ್ಲ, ಆವಿ ತಣಿದು ಬಾಯ್ಲರ್‌ಗೆ ವಾಪಸ್ ಇಳಿಯುತ್ತದೆ. ಹೆಪ್ಪುಗಟ್ಟಿ ಒಡೆಯುವುದು ಅಡುಗೆಮನೆ, ಬಾತ್‌ರೂಮಿನ ಗೋಡೆಯೊಳಗಿನ ಪೈಪುಗಳು. ಆಮೇಲೆ ಬಾಯ್ಲರ್, ಬೇಸ್‌ಮೆಂಟಿನ ನೆಲದ ಹತ್ತಿರ ಓಡುವ ರಿಟರ್ನ್ ಪೈಪು.

ಆದ್ದರಿಂದ ಆಫ್ ಮಾಡಬೇಡಿ. ಥರ್ಮೋಸ್ಟಾಟ್ 55 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಡಿ, ಅಂದರೆ ಸುಮಾರು 13 ಸೆಲ್ಸಿಯಸ್. ನೀರಿನ ಮೇನ್ ವಾಲ್ವ್ ಮುಚ್ಚಿ, ನಲ್ಲಿಗಳನ್ನು ತೆರೆದು ಪೈಪ್ ಖಾಲಿ ಮಾಡಿ. ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಯಾರೂ ಹೇಳುವುದಿಲ್ಲ. ಮೇನ್ ಮುಚ್ಚಿದರೆ ಬಾಯ್ಲರ್‌ಗೂ ಹೊಸ ನೀರು ಬರುವುದಿಲ್ಲ ಅಲ್ವಾ? ಎಲ್ಲೋ ಒಂದು ಏರ್ ವೆಂಟ್ (ರೇಡಿಯೇಟರ್‌ನ ಗಾಳಿಯನ್ನು ತಾನಾಗಿ ಹೊರಬಿಡುವ ಮೂತಿ) ಬುಸುಗುಟ್ಟುತ್ತಾ ಆವಿ ಬಿಡುತ್ತಿದ್ದರೆ ದಿನಾ ಸ್ವಲ್ಪ ನೀರು ಹೋಗುತ್ತದೆ. ಮಟ್ಟ ಇಳಿದಾಗ ಲೋ ವಾಟರ್ ಕಟಾಫ್ ಉರಿ ನಿಲ್ಲಿಸುತ್ತದೆ. ಅದು ಮಾಡಬೇಕಾದ ಕೆಲಸವೇ ಅದು. ಆದರೆ ನೀವು ಮೈಸೂರಿನಲ್ಲಿ, ಮನೆ ಐಸ್ ಪೆಟ್ಟಿಗೆ.

ಹೊರಡುವುದಕ್ಕೆ ಮೂರು ವಾರ ಮೊದಲೇ ನೀರು ತುಂಬಿಸುವ ಫೀಡರ್ ಬಂದ್ ಮಾಡಿ, ಬಾಯ್ಲರ್ ತಣ್ಣಗಿದ್ದಾಗ ಗೇಜ್ ಗ್ಲಾಸ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ವಾರ ಬಿಟ್ಟು, ತಣ್ಣಗಿದ್ದಾಗಲೇ ನೋಡಿ. ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ವೆಂಟ್, ವಾಲ್ವ್ ರಿಪೇರಿ ಮಾಡಿಸಿಯೇ ವಿಮಾನ ಹತ್ತಿ. ಕಟಾಫ್ ಒಳಗೆ ನೀರಿನ ಮೇಲೆ ತೇಲುವ ಫ್ಲೋಟ್ ಇರುವಂಥದ್ದಾದರೆ, ಬಾಯ್ಲರ್ ಉರಿಯುವಾಗ ಅದರ ಕೆಳಗೆ ಬಕೆಟ್ ಇಟ್ಟು ವಾಲ್ವ್ ತೆರೆಯಿರಿ. ಕಾಫಿ ಗಷ್ಟದಂಥ ನೀರು ರಭಸದಿಂದ ಬರುತ್ತದೆ, ಕೈ ಜೋಪಾನ. ಟಕ್ ಅಂತ ಉರಿ ಆರಬೇಕು. ಆರಲಿಲ್ಲವೋ, ಸ್ವಿಚ್ ಆಫ್ ಮಾಡಿ ತಂತ್ರಜ್ಞರನ್ನು ಕರೆಯಿರಿ.

ವಾರಕ್ಕೊಮ್ಮೆ ಪಕ್ಕದ ಮನೆಯವರು ಬಂದು ಗ್ಲಾಸ್ ನೋಡಲಿ. ಗ್ಲಾಸ್ ಪೂರ್ತಿ ಖಾಲಿ ಕಂಡರೆ ನೀರು ಬಿಡಬಾರದು ಅಂತ ಬರೆದು ಅಂಟಿಸಿ. ಒಣ ಹಂಡೆಗೆ ಉರಿ ಹಾಕಬೇಡ ಅಂತ ನಮ್ಮಜ್ಜಿ ಬಚ್ಚಲೊಲೆ ಮುಂದೆ ಬೈಯುತ್ತಿದ್ದರು. ಇಲ್ಲಿ ಅದಕ್ಕಿಂತ ಅಪಾಯ, ಕಾದ ಬೀಡುಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಾಯ್ಲರ್ರೇ ಸೀಳುತ್ತದೆ. ಸ್ವಿಚ್ ಆಫ್ ಮಾಡಿ ಫೋನ್ ಮಾಡಲಿ, ಅಷ್ಟೇ.

ವಿಮೆ ಪಾಲಿಸಿಯನ್ನೂ ಓದಿ. ಖಾಲಿ ಮನೆಯಲ್ಲಿ ಹೀಟಿಂಗ್ ಇಟ್ಟಿರಬೇಕು, ಇಲ್ಲವೇ ನೀರು ಮುಚ್ಚಿ ಪೈಪ್ ಬರಿದು ಮಾಡಿರಬೇಕು ಅಂತ ಸಾಮಾನ್ಯವಾಗಿ ಇರುತ್ತದೆ. ಬಾಯ್ಲರ್ ಸಮೇತ ಎಲ್ಲ ಬರಿದು ಮಾಡಿಸುವುದೂ ಒಂದು ದಾರಿ, ಆದರೆ ಆರು ವಾರಕ್ಕೆ ನಾನಂತೂ ಮಾಡಿಸುವುದಿಲ್ಲ. ಮಾಡಿಸಿದರೆ ಸ್ವಿಚ್‌ಗೆ "ನೀರಿಲ್ಲ, ಹಚ್ಚಬೇಡಿ" ಅಂತ ಚೀಟಿ ಕಟ್ಟಿ.

ಪ್ರಶ್ನೆ: ಸ್ಟೀಮ್ ರೇಡಿಯೇಟರ್‌ನ ಗಾಳಿ ತೆಗೆಯುವುದು ಹೇಗೆ?

ಉತ್ತರ: ತೆಗೆಯಬೇಡಿ. ಅದು ಬಿಸಿನೀರಿನ ರೇಡಿಯೇಟರ್‌ಗೆ. ಬಿಸಿ ಇದ್ದಾಗ ವೆಂಟ್ ಬಿಚ್ಚಿದರೆ ಮುಖ ಸುಡುತ್ತದೆ.

ಪ್ರಶ್ನೆ: ರಾತ್ರಿಯೆಲ್ಲ ಪೈಪಿಗೆ ಸುತ್ತಿಗೆಯಲ್ಲಿ ಬಡಿದ ಸದ್ದು. ಪ್ರೆಶರ್ ಜಾಸ್ತಿ ಮಾಡಲಾ?

ಉತ್ತರ: ಖಂಡಿತ ಬೇಡ! ಮನೆಗೆ 2 ಪಿಎಸ್‌ಐ ಧಾರಾಳ. ರೇಡಿಯೇಟರ್ ವಾಲ್ವ್ ಅರ್ಧ ತಿರುಗಿಸಿಟ್ಟಿದ್ದೀರಾ? ಹಾಗಿದ್ದರೆ ನೀರು ಇಳಿಯದೆ ಸಿಕ್ಕಿಕೊಂಡು, ಆವಿ ಬಡಿದು ಸದ್ದಾಗುತ್ತದೆ. ಪೂರ್ತಿ ತೆರೆಯಿರಿ ಅಥವಾ ಪೂರ್ತಿ ಮುಚ್ಚಿ.

ಪ್ರಶ್ನೆ: ಕಾರ್ಬನ್ ಮಾನಾಕ್ಸೈಡ್ ಅಲಾರಂ ಸುಮ್ನೆ ಕೂಗುತ್ತಿದೆ, ಬ್ಯಾಟರಿ ತೆಗೆಯಬಹುದಾ?

ಉತ್ತರ: ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ, 911ಕ್ಕೆ ಫೋನ್ ಮಾಡಿ. ಪ್ರಶ್ನೆ ಆಮೇಲೆ ಕಳಿಸಿ.