ಹುಬ್ಬಳ್ಳಿಯಲ್ಲಿ ವೆಬ್ ಡಿಸೈನರ್, ಡೆವಲಪರ್‌ಗಳಿಗೆ ಒಂದು ದಿನದ ಕಾನ್ಫರೆನ್ಸ್ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ನೀವು ಕೇಳಿದ್ದು ಇಷ್ಟು: ಹುಬ್ಬಳ್ಳಿ-ಧಾರವಾಡದ ನಾಲ್ಕೈದು ಗೆಳೆಯರು ಸೇರಿ ಸುಮಾರು 200 ಜನರ ಕಾನ್ಫರೆನ್ಸ್ ಮಾಡುವ ಆಸೆ ಇದೆ. ಮೊದಲು ಹಾಲ್ ಬುಕ್ ಮಾಡಬೇಕಾ, ಸ್ಪಾನ್ಸರ್ ಹಿಡಿಯಬೇಕಾ, ಇಲ್ಲ ಹೊರದೇಶದಿಂದ ಒಂದು ದೊಡ್ಡ ಹೆಸರು ಕರೆಸಬೇಕಾ?

ನನ್ನ ಉತ್ತರ: ಮೂರೂ ಬೇಡ. ಮೊದಲು ಟಾಕ್‌ಗಳನ್ನು, ಅಂದರೆ ವೇದಿಕೆಯ ಮೇಲೆ ಒಬ್ಬೊಬ್ಬರು ಆಡುವ ಮಾತುಗಳನ್ನು, ಹುಡುಕಿ. ಬೆಂಗಳೂರಿನಲ್ಲಿ ಇಂಥ ಕಾನ್ಫರೆನ್ಸ್‌ಗಳಿಗೆ ಟಾಕ್ ಆರಿಸುವ ಕೆಲಸ ಮಾಡಿದ್ದೇನೆ. ಮೈಸೂರಿನಲ್ಲಿ ಗೆಳೆಯರ ಜೊತೆ ಸೇರಿ ನಾವೇ ನಡೆಸಿದ್ದೂ ಇದೆ. ಹಾಲ್, ಊಟ, ಬ್ಯಾಡ್ಜ್ ಎಲ್ಲ ದುಡ್ಡು ಕೊಟ್ಟರೆ ಕೊನೇ ತಿಂಗಳಲ್ಲೂ ಸಿಗುತ್ತವೆ. ಒಳ್ಳೇ ಟಾಕ್ ಹಾಗೆ ಸಿಗುವುದಿಲ್ಲ. ಅದಕ್ಕೆ ನಾಲ್ಕು ತಿಂಗಳಾದರೂ ಬೇಕು.

ಯಾಕೆ ಅಂದರೆ, ಕಲಿಯುವುದಕ್ಕೆ ಇವತ್ತು ಯಾರೂ ಕಾನ್ಫರೆನ್ಸ್‌ಗೆ ಬರಬೇಕಾಗಿಲ್ಲ. ಪುಟದ ವಿನ್ಯಾಸಕ್ಕೆ ಬಳಸುವ ಸಿಎಸ್‌ಎಸ್ ಗ್ರಿಡ್ ಬೇಕಾದರೆ ಯೂಟ್ಯೂಬ್ ಇದೆ, ವೆಬ್ ಪುಟ ಕಟ್ಟುವ ರಿಯಾಕ್ಟ್ ಲೈಬ್ರರಿ ಬೇಕಾದರೆ ಅದರದ್ದೇ ಡಾಕ್ಯುಮೆಂಟೇಶನ್ ಇದೆ. ಶನಿವಾರ ಮನೆ ಬಿಟ್ಟು ಗದಗದಿಂದಲೋ ದಾವಣಗೆರೆಯಿಂದಲೋ ಬಸ್ ಹತ್ತಿ ಬರುವವರಿಗೆ ಬೇಕಾಗಿರುವುದು ಎರಡೇ. ತನ್ನಂಥದೇ ಕೆಲಸ ಮಾಡುವ ಒಬ್ಬರು ಎಲ್ಲಿ ಸಿಕ್ಕಿಕೊಂಡರು, ಹೇಗೆ ಬಿಡಿಸಿಕೊಂಡರು ಅನ್ನುವುದನ್ನು ಎದುರಿಗೆ ಕೂತು ಕೇಳುವುದು. ಆಮೇಲೆ ಆ ಊರಿನಲ್ಲಿ ತನ್ನಂಥವರು ಇನ್ನೂ ಯಾರ‍್ಯಾರು ಇದ್ದಾರೆ ಅಂತ ನೋಡುವುದು. ಹುಬ್ಬಳ್ಳಿಯಂಥ ಊರಿನಲ್ಲಿ ಎರಡನೆಯದು ಬೆಂಗಳೂರಿಗಿಂತ ಜಾಸ್ತಿ ಬೇಕು. ಇಂಥ ಊರಿನಲ್ಲಿ ಮನೆಯಿಂದಲೇ ಫ್ರೀಲ್ಯಾನ್ಸ್ ಮಾಡುವವರು ಎಷ್ಟೋ ಜನ ಒಬ್ಬರನ್ನೊಬ್ಬರು ನೋಡಿಯೇ ಇರುವುದಿಲ್ಲ.

ಹೊರದೇಶದ ದೊಡ್ಡ ಹೆಸರಿನ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಬೇಡ. ವಿಮಾನದ ಟಿಕೆಟ್, ವೀಸಾ, ಹೋಟೆಲ್ ಅಂತ ನಿಮ್ಮ ಬಜೆಟ್ಟಿನ ದೊಡ್ಡ ಪಾಲು ಅದೊಂದಕ್ಕೇ ಹೋಗುತ್ತದೆ. ಅವರು ಹೇಳುವ ಟಾಕ್ ಬಹುಪಾಲು ಬೇರೆ ಕಡೆ ಹೇಳಿರುವುದೇ, ವಿಡಿಯೋ ಸಿಗುತ್ತದೆ. ಆ ದುಡ್ಡಿನಲ್ಲಿ ಮಂಗಳೂರು, ಕಲಬುರಗಿ, ಶಿವಮೊಗ್ಗದಿಂದ ಹತ್ತು ಜನರನ್ನು ಕರೆಸಿ, ಚೆನ್ನಾಗಿ ನೋಡಿಕೊಳ್ಳಬಹುದು.

ಟಾಕ್ ಹುಡುಕುವ ಕ್ರಮ ಹೀಗಿರಲಿ. ಪ್ರಸ್ತಾಪ ಕಳಿಸಿ ಅಂತ ಎಲ್ಲರಿಗೂ ತೆರೆದು ಕರೆ ಕೊಡಿ. ಬೆಂಗಳೂರಿನಲ್ಲಿ ಟೆಕ್ ಕಾನ್ಫರೆನ್ಸ್ ನಡೆಸುವ ಹ್ಯಾಸ್‌ಗೀಕ್‌ನವರು 2011ರಲ್ಲಿ ವೆಬ್‌ನ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್‌ಗೆ ಅಂತಲೇ ಜೆಎಸ್‌ಫೂ ಕಾನ್ಫರೆನ್ಸ್ ಶುರು ಮಾಡಿದರು, ಮರುವರ್ಷ ವೆಬ್ ಫ್ರಂಟ್‌ಎಂಡ್, ಅಂದರೆ ಬಳಕೆದಾರರಿಗೆ ಕಾಣುವ ಭಾಗದ ಕೆಲಸದವರಿಗೆ ಮೆಟಾರಿಫ್ರೆಶ್. ಅವರು ಪ್ರಸ್ತಾಪಗಳನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದರು, ಯಾರು ಬೇಕಾದರೂ ಓದಿ ಅಭಿಪ್ರಾಯ ಬರೆಯಬಹುದಿತ್ತು. ನಮ್ಮ ಕಡೆ ಅದು ತುಂಬ ಒಳ್ಳೇ ಅಭ್ಯಾಸ ಕಲಿಸಿತು. ಯಾರು ಯಾರ ಸ್ನೇಹಿತರು ಅನ್ನುವುದಕ್ಕಿಂತ ಟಾಕ್‌ನಲ್ಲಿ ಏನಿದೆ ಅನ್ನುವುದು ಮುಖ್ಯವಾಯಿತು.

ಪ್ರಸ್ತಾಪದ ಫಾರ್ಮಿನಲ್ಲಿ ಒಂದು ಪ್ರಶ್ನೆ ಖಂಡಿತ ಇಡಿ: ನಿಮ್ಮ ಟಾಕ್ ಕೇಳಿದವರು ಸೋಮವಾರ ಕೆಲಸಕ್ಕೆ ಕೂತಾಗ ಏನನ್ನು ಬೇರೆ ಥರ ಮಾಡುತ್ತಾರೆ? ಇದಕ್ಕೆ ಎರಡು ಸಾಲು ಬರೆಯಲು ಆಗದಿದ್ದರೆ ಟಾಕ್ ಇನ್ನೂ ಹಣ್ಣಾಗಿಲ್ಲ ಅಂತ ಅರ್ಥ. 'ರಿಯಾಕ್ಟ್ ಪರಿಚಯ', 'ಎಐ ಮತ್ತು ವೆಬ್‌ನ ಭವಿಷ್ಯ' ಥರದವು ರಾಶಿ ಬರುತ್ತವೆ. ಮುಲಾಜಿಲ್ಲದೆ ಬಿಡಿ.

ಆರಿಸುವಾಗ ಮೊದಲ ಸುತ್ತಿನಲ್ಲಿ ಹೆಸರು, ಕಂಪನಿ ಮುಚ್ಚಿಟ್ಟು ಓದಿ. ಬರ್ಲಿನ್‌ನ ಜಾವಾಸ್ಕ್ರಿಪ್ಟ್ ಕಾನ್ಫರೆನ್ಸ್ ಜೆಎಸ್‌ಕಾನ್ಫ್ ಇಯು 2012ರಲ್ಲಿ ಹೀಗೇ ಮಾಡಿತು. ಆ ವರ್ಷ ಅಲ್ಲಿ ಮಾತಾಡಿದವರಲ್ಲಿ ಶೇ. 25 ಮಹಿಳೆಯರು. ಆದರೆ ಹೆಸರು ಮುಚ್ಚಿದ್ದರಿಂದಲೇ ಅದು ಆಗಲಿಲ್ಲ. ಪ್ರಸ್ತಾಪ ಕಳಿಸಿ ಅಂತ ಮಹಿಳೆಯರನ್ನು ಅವರು ಒಬ್ಬೊಬ್ಬರನ್ನಾಗಿ ಕೇಳಿಕೊಂಡಿದ್ದರು. ನಮ್ಮಲ್ಲೂ ಇದೇ ಮಾಡಬೇಕು. ಚೆನ್ನಾಗಿ ಕೆಲಸ ಮಾಡುವ ಎಷ್ಟೋ ಜನ 'ಅಯ್ಯೋ, ನಾನೇನು ಮಾತಾಡಲಿ' ಅಂತ ಸುಮ್ಮನಿರುತ್ತಾರೆ. ಫೋನ್ ಮಾಡಿ, 'ಹೋದ ತಿಂಗಳು ಆ ಪೇಮೆಂಟ್ ಪೇಜ್ ಸರಿ ಮಾಡಿದಿರಲ್ಲ, ಅದನ್ನೇ ಹೇಳಿ' ಅಂದರೆ ಒಪ್ಪುತ್ತಾರೆ. ಹುಬ್ಬಳ್ಳಿಯಲ್ಲಿ ಅರ್ಧ ಟಾಕ್ ನಿಮಗೆ ಹೀಗೆ ಫೋನಿನಲ್ಲೇ ಸಿಗುತ್ತವೆ ಅಂತ ನನ್ನ ಅಂದಾಜು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು: ರಿಹರ್ಸಲ್. ಆಯ್ಕೆಯಾದ ಪ್ರತಿಯೊಬ್ಬರ ಜೊತೆಗೂ ಎರಡು ಸಲ ಕೂರಿ. ಒಂದು ಸಲ ಕಾರ್ಯಕ್ರಮಕ್ಕೆ ಆರು ವಾರ ಇರುವಾಗ ಬರೀ ಟಿಪ್ಪಣಿ ಇಟ್ಟುಕೊಂಡು, ಇನ್ನೊಂದು ಸಲ ಎರಡು ವಾರ ಇರುವಾಗ ಸ್ಲೈಡ್ ಹಾಕಿ, ಗಡಿಯಾರ ನೋಡಿಕೊಂಡು. ವಿಡಿಯೋ ಕಾಲ್ ಸಾಕು. ಬಹಳ ತಂಡಗಳು ಇದನ್ನು ಬಿಟ್ಟುಬಿಡುತ್ತವೆ, 'ಅವರು ಸೀನಿಯರ್, ಹೇಗೆ ಹೇಳೋದು' ಅಂತ. ಸೀನಿಯರ್ ಆದವರಿಗೇ ಇದು ಜಾಸ್ತಿ ಬೇಕು. ನಾನು ನೋಡಿದಂತೆ, ಚೆನ್ನಾಗಿ ಮಾತಾಡುವವರು ಯಾರೂ ರಿಹರ್ಸಲ್‌ಗೆ ಬೇಜಾರು ಮಾಡಿಕೊಂಡಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಮೈಸೂರಿನಲ್ಲಿ ಒಬ್ಬ ಹುಡುಗ ಕನ್ನಡ ಫಾರ್ಮ್‌ಗಳ ಬಗ್ಗೆ ಟಾಕ್ ತಯಾರು ಮಾಡಿದ್ದ. ರಿಹರ್ಸಲ್‌ನಲ್ಲಿ ಹತ್ತು ನಿಮಿಷ ತನ್ನ ಪರಿಚಯ, ಕಂಪನಿ ಪರಿಚಯ, ಯೂನಿಕೋಡ್ (ಎಲ್ಲ ಲಿಪಿಗಳಿಗೂ ಕಂಪ್ಯೂಟರ್ ಬಳಸುವ ಸಂಕೇತ ಪದ್ಧತಿ) ಇತಿಹಾಸ. ಕೊನೆಯಲ್ಲಿ, ಸಮಯ ಮುಗಿಯುವ ಹೊತ್ತಿಗೆ, ಒಂದು ಸ್ಲೈಡ್ ಬಂತು. ಅದರ ಮೇಲೆ 'ಶ್ರೀಕೃಷ್ಣಸ್ವಾಮಿ' ಅಂತ ಒಂದೇ ಹೆಸರು. ನಮ್ಮ ಕಣ್ಣಿಗೆ ಐದು ಅಕ್ಷರ: ಶ್ರೀ, ಕೃ, ಷ್ಣ, ಸ್ವಾ, ಮಿ. ಬ್ರೌಸರ್ ಲೆಕ್ಕದಲ್ಲಿ 15. ಒತ್ತಕ್ಷರ, ಗುಣಿತ, ವ್ಯಂಜನಗಳನ್ನು ಕೂಡಿಸುವ ಹಲಂತ (್) ಎಲ್ಲವನ್ನೂ ಅದು ಬೇರೆ ಬೇರೆ ಎಣಿಸುತ್ತದೆ. ಫಾರ್ಮಿನಲ್ಲಿ 'ಹೆಸರು ಗರಿಷ್ಠ 20' ಅಂತ ಇಂಗ್ಲಿಷ್ ಅಂದಾಜಿನಲ್ಲಿ ಮಿತಿ ಹಾಕಿದರೆ, ಈ ಹೆಸರಿನ ಮುಂದೆ ಅಪ್ಪನ ಹೆಸರು ಬರೆಯಲು ಹೋದವರಿಗೆ ಅರ್ಧಕ್ಕೆ ಕತ್ತರಿ ಬೀಳುತ್ತದೆ. ನಾವು ಹೇಳಿದ್ದು ಇಷ್ಟೇ: ಈ ಸ್ಲೈಡಿನಿಂದಲೇ ಶುರು ಮಾಡು, ಉಳಿದದ್ದನ್ನು ಇದರ ಹಿಂದೆ ಜೋಡಿಸು. ಅವನು ಹಾಗೇ ಮಾಡಿದ. ಆ ಹೆಸರು ತೆರೆ ಮೇಲೆ ಬಂದ ಕೂಡಲೇ ಹಾಲ್‌ನಲ್ಲಿ ಫೋನ್ ನೋಡುತ್ತಿದ್ದವರೆಲ್ಲ ತಲೆ ಎತ್ತಿದರು. ವಿಷಯ ಅದೇ, ಹುಡುಗ ಅವನೇ. ರಿಹರ್ಸಲ್ ಇಲ್ಲದಿದ್ದರೆ ಆ ಸ್ಲೈಡ್ ಸಮಯ ಸಾಲದೆ ಹಾರಿಹೋಗುತ್ತಿತ್ತು.

ಅಂದಹಾಗೆ, ಇಂಥ ವಿಷಯಗಳನ್ನು ಬೇಕೆಂದೇ ಹುಡುಕಿ. ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗದ ಹಾಗೆ ಲೈನ್‌ಹೈಟ್ (ಸಾಲಿನ ಎತ್ತರ) ಎಷ್ಟಿಡಬೇಕು, ನುಡಿ ತಂತ್ರಾಂಶದ ಹಳೇ ಎನ್‌ಕೋಡಿಂಗ್‌ನಲ್ಲಿ ಕೂತಿರುವ ಕಡತಗಳನ್ನು ಯೂನಿಕೋಡ್‌ಗೆ ತರುವುದು ಹೇಗೆ, ಏಕ್ ಟೈಪ್ ಅವರ ಅನೇಕ್ ಕನ್ನಡದಂಥ ವೇರಿಯಬಲ್ ಫಾಂಟ್ (ಒಂದೇ ಫೈಲಿನಲ್ಲಿ ಅಕ್ಷರದ ದಪ್ಪ, ಅಗಲ ಬದಲಿಸಬಹುದಾದ ಫಾಂಟ್) ಬಳಸಿದರೆ ಡಿಸೈನರ್‌ಗೆ ಏನು ಲಾಭ. ಇವು ಬರ್ಲಿನ್‌ನಲ್ಲೂ ಸಿಗುವುದಿಲ್ಲ, ಬೆಂಗಳೂರಿನಲ್ಲೂ ಅಪರೂಪ. ಡಿಸೈನರ್ ಮತ್ತು ಡೆವಲಪರ್ ಇಬ್ಬರೂ ಒಟ್ಟಿಗೆ ಕೂತು ಕೇಳಬಹುದಾದ ವಿಷಯಗಳೂ ಹೌದು. ಇಬ್ಬರಿಗೂ ಬೇರೆ ಬೇರೆ ಟ್ರ್ಯಾಕ್, ಅಂದರೆ ಒಂದೇ ಹೊತ್ತಿಗೆ ಎರಡು ಕಡೆ ಟಾಕ್, ಮಾಡಬೇಡಿ. 200 ಜನಕ್ಕೆ ಒಂದೇ ಹಾಲ್, ಒಂದೇ ಟ್ರ್ಯಾಕ್. ಮಾತು ಕನ್ನಡದಲ್ಲೋ ಇಂಗ್ಲಿಷಿನಲ್ಲೋ, ಅದನ್ನು ಮಾತಾಡುವವರಿಗೇ ಬಿಡಿ. ಪ್ರಶ್ನೆಯನ್ನು ಕನ್ನಡದಲ್ಲೂ ಕೇಳಬಹುದು ಅಂತ ನಿರೂಪಕರು ಬೆಳಿಗ್ಗೆಯೇ ಹೇಳಿಬಿಡಲಿ. ಕೈ ಎತ್ತುವವರ ಸಂಖ್ಯೆ ತಾನಾಗಿ ಏರುತ್ತದೆ.

ಹಾಲ್ ವಿಷಯ. ಕಾಲೇಜಿನ ಆಡಿಟೋರಿಯಂ ನಿಮಗೆ ಉಚಿತವಾಗಿ ಅಥವಾ ಕಮ್ಮಿಗೆ ಸಿಗಬಹುದು, ಒಳ್ಳೇದೇ. ಆದರೆ ಒಪ್ಪಿಕೊಳ್ಳುವ ಮೊದಲೇ ಉದ್ಘಾಟನೆ ಬಗ್ಗೆ ಮಾತಾಡಿ. ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಾರ, ಫಲತಾಂಬೂಲ, ಅಧ್ಯಕ್ಷರ ಭಾಷಣ ಅಂತ ಹೋದರೆ ಒಂದೂವರೆ ಗಂಟೆ ಆಗಿಹೋಗುತ್ತದೆ. ಮುಖ್ಯ ಅತಿಥಿ ತಡವಾದರೆ ಇನ್ನೂ ಜಾಸ್ತಿ. ಹತ್ತು ಗಂಟೆಗೆ ಮಾತಾಡಬೇಕಾದ ಹುಡುಗಿ ಹನ್ನೊಂದೂವರೆವರೆಗೆ ಮೈಕ್ ಕಟ್ಟಿಕೊಂಡು ಕಾಯುತ್ತಾಳೆ. ಆಮೇಲೆ ಅವಳ ಅರ್ಧ ಗಂಟೆಯನ್ನು ಹದಿನೈದು ನಿಮಿಷಕ್ಕೆ ಇಳಿಸು ಅಂತಾರೆ. ಇದು ಅವಳಿಗೂ ಅನ್ಯಾಯ, ಕೇಳಲು ಬಂದವರಿಗೂ ಅನ್ಯಾಯ. ಪ್ರಿನ್ಸಿಪಾಲರಿಗೆ ವಿನಯದಿಂದ ಹೇಳಿ: ಒಟ್ಟು ಹತ್ತು ನಿಮಿಷ, ಅತಿಥಿಗಳಿಗೆ ಕೂತಲ್ಲೇ ಗೌರವ, ವೇದಿಕೆಯ ಮೇಲೆ ಕುರ್ಚಿ ಸಾಲು ಇಲ್ಲ. ಒಪ್ಪದಿದ್ದರೆ ಬಾಡಿಗೆ ಕೊಟ್ಟು ಬೇರೆ ಹಾಲ್ ತಗೊಳ್ಳಿ.

ಹಾಲ್ ನೋಡಲು ಹೋದಾಗ ಲ್ಯಾಪ್‌ಟಾಪ್ ಒಯ್ಯಿರಿ. ಪ್ರೊಜೆಕ್ಟರ್‌ಗೆ ಹಾಕಿ ಹಿಂದಿನ ಸಾಲಿನಲ್ಲಿ ಕೂತು ಕೋಡ್ ಓದಲು ಆಗುತ್ತದಾ ನೋಡಿ. ಹಳೇ ಪ್ರೊಜೆಕ್ಟರ್‌ನಲ್ಲಿ ಕಪ್ಪು ಹಿನ್ನೆಲೆಯ ಕೋಡ್ ಏನೂ ಕಾಣುವುದಿಲ್ಲ. ಎಲ್ಲರಿಗೂ ಬಿಳಿ ಹಿನ್ನೆಲೆ, ದಪ್ಪ ಅಕ್ಷರ ಅಂತ ಮುಂಚೆಯೇ ಹೇಳಿ. ಕರೆಂಟ್ ಹೋದರೆ ಜನರೇಟರ್ ಎಸಿಗೂ ಸಾಲುತ್ತದಾ, ಡೀಸೆಲ್ ದುಡ್ಡು ಯಾರದ್ದು, ವೀಲ್‌ಚೇರ್ ಒಳಗೆ ಬರುತ್ತದಾ, ಇದನ್ನೂ ಕೇಳಿ. ದುಡ್ಡು ಉಳಿಸಲೇಬೇಕು ಅಂದರೆ ಟೀಶರ್ಟ್, ಬ್ಯಾಗ್, ನೆನಪಿನ ಕಾಣಿಕೆಯಲ್ಲಿ ಉಳಿಸಿ. ಧ್ವನಿಯಲ್ಲಿ ಮಾತ್ರ ಬೇಡ. ಒಳ್ಳೇ ಹೆಡ್‌ಸೆಟ್ ಮೈಕ್ ಎರಡು, ಪ್ರಶ್ನೆ ಕೇಳುವವರಿಗೆ ಓಡಾಡುವ ಮೈಕ್ ಎರಡು. ರೆಕಾರ್ಡಿಂಗ್‌ಗೆ ಧ್ವನಿಯನ್ನು ನೇರ ಮಿಕ್ಸರ್‌ನಿಂದ ತಗೊಳ್ಳಿ. ಕ್ಯಾಮೆರಾದ ಮೈಕ್‌ಗೆ ಬಿಟ್ಟರೆ ಆ ವಿಡಿಯೋ ಯಾರೂ ಎರಡು ನಿಮಿಷಕ್ಕಿಂತ ಜಾಸ್ತಿ ನೋಡುವುದಿಲ್ಲ.

ವೈಫೈ ಬಗ್ಗೆ ಹಾಲ್‌ನವರು 'ಹೈಸ್ಪೀಡ್ ಇದೆ ಸಾರ್' ಅಂತಾರೆ. ಸ್ಪೀಡ್ ಅಲ್ಲ ಸಮಸ್ಯೆ. 200 ಜನ ಅಂದರೆ ಫೋನ್, ಲ್ಯಾಪ್‌ಟಾಪ್ ಸೇರಿ 400 ಸಾಧನ. ಮಾಮೂಲಿ ಸೆಟ್ಟಿಂಗ್‌ನಲ್ಲಿ ರೂಟರ್ ಹಂಚಬಲ್ಲ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಪ್ರತಿ ಸಾಧನಕ್ಕೂ ಬೇಕಾದ ಸಂಖ್ಯೆ) 253 ಮಾತ್ರ. ಅದೂ ಒಬ್ಬರಿಗೆ ಕೊಟ್ಟರೆ ಎಷ್ಟೋ ಕಡೆ 24 ಗಂಟೆ ವಾಪಸ್ ಬರುವುದಿಲ್ಲ. ಹತ್ತೂವರೆ ಹೊತ್ತಿಗೆ ವಿಳಾಸ ಖಾಲಿ. ಸಿಗ್ನಲ್ ಫುಲ್ ಇದ್ದರೂ ಯಾರಿಗೂ ಕನೆಕ್ಟ್ ಆಗುವುದಿಲ್ಲ. ಎಷ್ಟು ವಿಳಾಸ ಅನ್ನುವುದನ್ನು ತೀರ್ಮಾನಿಸುವ ಸಬ್‌ನೆಟ್ ಮಾಸ್ಕ್ ಸೆಟ್ಟಿಂಗನ್ನು 255.255.252.0 ಮಾಡಿಸಿದರೆ ಸಾವಿರದಷ್ಟು ವಿಳಾಸ ಸಿಗುತ್ತವೆ, ಲೀಸ್ (ಒಂದು ವಿಳಾಸ ಒಬ್ಬರ ಬಳಿ ಇರುವ ಅವಧಿ) ಒಂದು ಗಂಟೆಗೆ ಇಳಿಸಿ. ಒಂದೇ ರೂಟರ್ ಇಷ್ಟು ಜನಕ್ಕೆ ಏಗುವುದಿಲ್ಲ, ವೈಫೈ ಸಿಗ್ನಲ್ ಕೊಡುವ ಆಕ್ಸೆಸ್ ಪಾಯಿಂಟ್‌ಗಳನ್ನು ಹಾಲ್ ತುಂಬ ಹಂಚಿಡಬೇಕು. ವೇದಿಕೆಗೆ ಮಾತ್ರ ಬೇರೆ ಕೇಬಲ್ ಎಳೆಸಿ. ಡೆಮೋ ಮಾಡುವವರು ಎಲ್ಲವನ್ನೂ ತಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡಿಸಲಿ.

ದುಡ್ಡಿನ ಲೆಕ್ಕಕ್ಕೆ ಒಂದು ಸರಳ ನಿಯಮ ಇಟ್ಟುಕೊಳ್ಳಿ. ಜನ ಹೆಚ್ಚಾದಂತೆ ಹೆಚ್ಚುವ ಖರ್ಚು, ಅಂದರೆ ಊಟ, ಚಹಾ, ಬ್ಯಾಡ್ಜ್, ಟಿಕೆಟ್ ದುಡ್ಡಿನಲ್ಲಿ ಹೋಗಬೇಕು. ಎಷ್ಟೇ ಜನ ಬಂದರೂ ಬದಲಾಗದ ಖರ್ಚು, ಅಂದರೆ ಹಾಲ್, ಸೌಂಡ್, ವಿಡಿಯೋ, ಮಾತಾಡುವವರ ಪ್ರಯಾಣ, ಸ್ಪಾನ್ಸರ್ ದುಡ್ಡಿನಲ್ಲಿ. ಟಿಕೆಟ್ ಉಚಿತ ಇಡಬೇಡಿ. ಉಚಿತ ಅಂದರೆ ಹೆಸರು ಕೊಟ್ಟವರಲ್ಲಿ ಎಷ್ಟು ಜನ ಬರುತ್ತಾರೋ ಹೇಳಲಾಗದು, ಊಟ ಎಷ್ಟಕ್ಕೆ ಹೇಳುತ್ತೀರಿ? ಕೆಲಸದಲ್ಲಿರುವವರಿಗೆ 1000, ವಿದ್ಯಾರ್ಥಿಗಳಿಗೆ 400 ರೂಪಾಯಿ ನಿಮ್ಮ ಊರಿಗೆ ಸರಿ ಅನಿಸುತ್ತದೆ. ಸ್ಪಾನ್ಸರ್‌ಗೆ ಸ್ಟಾಲ್ ಕೊಡಿ, ಲೋಗೋ ಹಾಕಿ, ಟಿಕೆಟ್ ಕೊಡಿ. ವೇದಿಕೆಯ ಸಮಯ ಮಾತ್ರ ಮಾರಬೇಡಿ. ಕಂಪನಿಗಳು ಇನ್‌ವಾಯ್ಸ್ ಕೊಟ್ಟ ಒಂದೆರಡು ತಿಂಗಳಿಗೆ, ಅದೂ ಟಿಡಿಎಸ್ ಹಿಡಿದು, ದುಡ್ಡು ಹಾಕುತ್ತವೆ. ಹಾಲ್‌ನವರಿಗೆ, ಅಡುಗೆಯವರಿಗೆ ಅವತ್ತೇ ಕೊಡಬೇಕು. ಈ ಮಧ್ಯದ ಅಂತರಕ್ಕೆ ಕೈಯಲ್ಲಿ ದುಡ್ಡಿರಲಿ. ವ್ಯವಹಾರ ಒಬ್ಬರ ಸ್ವಂತ ಖಾತೆಯಲ್ಲಿ ನಡೆಸಬೇಡಿ. ಜಿಎಸ್‌ಟಿ ಬಗ್ಗೆ ಅಕೌಂಟೆಂಟ್ ಒಬ್ಬರನ್ನು ಮೊದಲೇ ಕೇಳಿ. ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು. ನೀವು ಯಾವ ಸಂಸ್ಥೆಯ ಹೆಸರಲ್ಲಿ ಮಾಡುತ್ತೀರೋ ಅದರ ಒಟ್ಟು ವಹಿವಾಟು ಲೆಕ್ಕಕ್ಕೆ ಬರುತ್ತದೆ.

ಊಟಕ್ಕೆ ರೊಟ್ಟಿ, ಎಣ್ಣೆಗಾಯಿ, ಚಟ್ನಿಪುಡಿ, ಸಂಜೆ ಚಹಾ ಜೊತೆ ಗಿರ್ಮಿಟ್ಟು. ಹೊರಗಿನಿಂದ ಬಂದವರು ಅದನ್ನೇ ನೆನೆಸಿಕೊಳ್ಳುತ್ತಾರೆ. ಸಾಲಿನ ಲೆಕ್ಕ ಮಾತ್ರ ಹಾಕಿ. ಒಬ್ಬರು ಬಡಿಸಿಕೊಳ್ಳಲು 20 ಸೆಕೆಂಡ್ ಅಂದರೂ ಒಂದೇ ಸಾಲಿನಲ್ಲಿ 200 ಜನಕ್ಕೆ ಒಂದು ಗಂಟೆ ಮೀರುತ್ತದೆ. ಎರಡು ಟೇಬಲ್ ಇಟ್ಟು ಎರಡೂ ಬದಿಯಿಂದ ಬಿಟ್ಟರೆ ಹದಿನೇಳು ನಿಮಿಷ. ಉಳಿದ ಸಮಯ ಜನ ಒಬ್ಬರಿಗೊಬ್ಬರು ಮಾತಾಡಲಿ, ಅದಕ್ಕೇ ಅಲ್ವಾ ಅವರು ಬಂದಿರುವುದು. ಊಟದ ವಿರಾಮ ಒಂದೂವರೆ ಗಂಟೆ ಇರಲಿ, ಚಹಾ ವಿರಾಮ ಅರ್ಧ ಗಂಟೆ. ಟಾಕ್ ಜಾಸ್ತಿ ತುರುಕುವ ಆಸೆಗೆ ವಿರಾಮ ಕತ್ತರಿಸಬೇಡಿ. ದಿನಕ್ಕೆ ಎಂಟು ಟಾಕ್ ಸಾಕು.

ನಡವಳಿಕೆಯ ನಿಯಮ ಬರೆದು ಹಾಕಿ, ಅದರಲ್ಲಿ ಇಬ್ಬರ ಫೋನ್ ನಂಬರ್ ಇರಲಿ, ಒಬ್ಬರಾದರೂ ಮಹಿಳೆ. ದೂರು ಬಂದರೆ ಏನು ಮಾಡುತ್ತೀರಿ, ಯಾರು ತೀರ್ಮಾನ ಮಾಡುತ್ತಾರೆ ಅನ್ನುವುದು ತಂಡದೊಳಗೆ ಮೊದಲೇ ಮಾತಾಗಿರಬೇಕು. ಆ ಹೊತ್ತಿನಲ್ಲಿ ಯೋಚಿಸಲು ಕೂತರೆ ತಡವಾಗುತ್ತದೆ.

ದಿನ ಶನಿವಾರ ಇಡಿ, ಭಾನುವಾರ ವಾಪಸ್ ಹೋಗಲು ಸಿಗುತ್ತದೆ. ಗಣೇಶ ಚೌತಿ ಹತ್ತಿರ, ಇಂಜಿನಿಯರಿಂಗ್ ಪರೀಕ್ಷೆ ಸಮಯ ಬೇಡ. ಬೆಂಗಳೂರಿನಿಂದ ಬರುವವರು ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿದರೆ ಬೆಳಿಗ್ಗೆ ಹುಬ್ಬಳ್ಳಿ. ಆದರೆ ಮಾತಾಡುವವರನ್ನು ಒಂದು ದಿನ ಮೊದಲೇ ಕರೆಸಿ, ಶುಕ್ರವಾರ ಸಂಜೆ ಎಲ್ಲರೂ ಅದೇ ಹಾಲ್‌ನಲ್ಲಿ ತಮ್ಮ ಲ್ಯಾಪ್‌ಟಾಪ್ ಜೋಡಿಸಿ ನೋಡಲಿ. ಆಮೇಲೆ ಒಟ್ಟಿಗೆ ಊಟಕ್ಕೆ ಕರಕೊಂಡು ಹೋಗಿ.

ಈ ವಾರ ಮಾಡಬೇಕಾದ ಕೆಲಸ: ನಿಮ್ಮ ಸುತ್ತ ಚೆನ್ನಾಗಿ ಕೆಲಸ ಮಾಡುವ ಇಪ್ಪತ್ತು ಜನರ ಹೆಸರು ಬರೆದು, ಒಬ್ಬೊಬ್ಬರಿಗೂ ಫೋನ್ ಮಾಡಿ. ಎಂಟು ಜನ ಹೂಂ ಅಂದರೆ ಹಾಲ್ ನೋಡಲು ಹೊರಡಿ. ರಿಹರ್ಸಲ್‌ಗೆ ಕೂರಲು ಹೊರಗಿನವರು ಬೇಕಿದ್ದರೆ ಇಲ್ಲೇ ತಿಳಿಸಿ, ನಾನು ಖುಷಿಯಿಂದ ಕೂರುತ್ತೇನೆ.