ಮನೆಯಲ್ಲಿ ಹೊಳೆಯುವುದು ಸಭೆಯಲ್ಲೇಕೆ ಹೊಳೆಯುವುದಿಲ್ಲ?

ಮನೆಯಲ್ಲಿ ಸಲೀಸಾಗಿ ವ್ಯಂಗ್ಯಚಿತ್ರ ಬಿಡಿಸುವ ನಿಮಗೆ ಕಚೇರಿಯ ಸಭೆಯಲ್ಲಿ ಏನೂ ಹೊಳೆಯದಿರುವುದಕ್ಕೆ ನಿಮ್ಮ ಅಂತರ್ಮುಖಿ ಸ್ವಭಾವ ಕಾರಣವೇ ಎಂದು ಕೇಳಿದ್ದೀರಿ. ಅದಕ್ಕಿಂತ ಸಭೆಯ ರೀತಿಯೇ ಕಾರಣವಿರಬೇಕು. ಸೃಜನಶೀಲತೆಗೆ ಹೆಚ್ಚು ನಂಟಿರುವ ಗುಣವೆಂದರೆ ಹೊಸತಿಗೆ ತೆರೆದುಕೊಳ್ಳುವ ಮನಸ್ಸು. ಅದು ನಿಮ್ಮಲ್ಲಿದೆ ಎನ್ನುವುದಕ್ಕೆ ಆ ಚಿತ್ರಗಳೇ ಸಾಕ್ಷಿ. ಯೇಲ್ ವಿಶ್ವವಿದ್ಯಾಲಯದ 1958ರ ಪ್ರಯೋಗದಲ್ಲಿ, ಗುಂಪಾಗಿ ಕುಳಿತವರಿಗಿಂತ ಒಬ್ಬೊಬ್ಬರೇ ಯೋಚಿಸಿದ ಅಷ್ಟೇ ಮಂದಿಯಿಂದ ಹೆಚ್ಚು ಉಪಾಯಗಳು ಬಂದವು. ಇನ್ನೊಬ್ಬರ ಮಾತು ಮುಗಿಯಲೆಂದು ಕಾಯುವಷ್ಟರಲ್ಲಿ ನಮ್ಮದು ಮರೆತೇ ಹೋಗಿರುತ್ತದೆ.

ಮೊದಲು, ಸಭೆಯ ವಿಷಯವನ್ನು ಹಿಂದಿನ ದಿನವೇ ಕೇಳಿ ಪಡೆಯಿರಿ. ರಾತ್ರಿ, ಚಿತ್ರ ಬಿಡಿಸುವ ಅದೇ ಪುಸ್ತಕದಲ್ಲಿ ಹೊಳೆದ ಉಪಾಯಗಳನ್ನೆಲ್ಲ ಸರಿತಪ್ಪು ನೋಡದೆ ಗೀಚಿ. ಬೆಳಿಗ್ಗೆ ಎರಡನ್ನು ಆರಿಸಿ, ಸಭೆಗೆ ಮುಂಚೆಯೇ ಮುಖ್ಯಸ್ಥರಿಗೆ ಬರೆದು ಕಳುಹಿಸಿ. ಹೊಸದೇನು ಹೇಳಿದರೂ ತಳ್ಳಿಹಾಕುವ ಮುಖ್ಯಸ್ಥರಾದರೆ ಇದು ಫಲಿಸುವುದು ಅನುಮಾನ. ಆಗ ಬೇರೆ ತಂಡ ಕೇಳುವುದೇ ಮೇಲು.